ನುಡಿ ಫೈಲಿನಿಂದ ವೆಬ್‌ಸೈಟಿಗೆ: ಕನ್ನಡ ಪುಟ ಕಟ್ಟುವವರು ಯಾವ ಟೂಲ್ ಬಳಸುತ್ತೀರಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಾಹಿತ್ಯ ಸಂಘ 2001ರಿಂದ 2014ರವರೆಗೆ ಒಂದು ಮಾಸಪತ್ರಿಕೆ ತರುತ್ತಿತ್ತು. ಕಥೆ, ಕವನ, ಊರಿನ ಹಿರಿಯರ ನೆನಪುಗಳು, ಕೃಷಿ ಬರಹ ಎಲ್ಲಾ ಇವೆ. ಈಗ ಅದನ್ನು ವೆಬ್‌ಸೈಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿಂದೊಮ್ಮೆ ಸಂಘದವರು ಒಂದು ಕಂಪನಿಗೆ ದುಡ್ಡು ಕೊಟ್ಟು ಸೈಟ್ ಮಾಡಿಸಿದ್ದರು. ಅವರು ಪ್ರತಿ ಪುಟವನ್ನೂ ಚಿತ್ರ ಮಾಡಿ ಹಾಕಿಬಿಟ್ಟರು. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಫೋನಿನಲ್ಲಿ ಓದಬೇಕೆಂದರೆ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂರಬೇಕು. ಆಮೇಲೆ ಆ ಸೈಟೂ ನಿಂತುಹೋಯಿತು.

ನನ್ನ ಕೈಯಲ್ಲಿ ಇರುವುದು ಒಂದು ಹಳೆ ಹಾರ್ಡ್ ಡಿಸ್ಕ್. ಅದರಲ್ಲಿ ಪೇಜ್‌ಮೇಕರ್ (ಪುಟ ಜೋಡಿಸುವ ಹಳೆ ತಂತ್ರಾಂಶ) ಫೈಲುಗಳು, ಒಂದಷ್ಟು ವರ್ಡ್ ಫೈಲುಗಳು. ಅಕ್ಷರ ಎಲ್ಲಾ ನುಡಿ ಆಸ್ಕಿ, ಅಂದರೆ ನುಡಿ ತಂತ್ರಾಂಶದ ಹಳೆ ಫಾಂಟ್ ಸಂಕೇತ. ನಾನು ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಬಲ್ಲೆ. ಹೊರಗಿನ "ಟಾಪ್ 50 ಟೂಲ್ಸ್" ಪಟ್ಟಿಗಳನ್ನು ಸಾಕಷ್ಟು ಓದಿದೆ. ಒಂದರಲ್ಲೂ ಕನ್ನಡದ ಮಾತಿಲ್ಲ. ನೀವು ದಿನಾ ಬಳಸುವ ಟೂಲ್‌ಗಳನ್ನು ಹೇಳುತ್ತೀರಾ?

---

ಅಚ್ಚುಮೊಳೆ

ಒಳ್ಳೆ ಕೆಲಸ ಹಿಡಿದಿದ್ದೀರಿ. ನಾನು ಹದಿನೈದು ವರ್ಷ ಡಿಟಿಪಿ ಮಾಡಿದವನು, ಹಾಗಾಗಿ ಪರಿವರ್ತನೆ ಬಗ್ಗೆ ಮಾತ್ರ ಹೇಳುತ್ತೇನೆ.

ಆಸ್ಕಿ ಫೈಲಿನೊಳಗೆ ಕನ್ನಡವೇ ಇಲ್ಲ, ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಇಂಗ್ಲಿಷಿನ ದೊಡ್ಡ ಪಿ ಅಕ್ಷರದ ಜಾಗದಲ್ಲಿ ತಲಕಟ್ಟಿಲ್ಲದ ಕ ಚಿತ್ರ ಕೂತಿದೆ. ತಲಕಟ್ಟಿಗೆ ಬೇರೆ ಸಂಕೇತ. ಎರಡೂ ಸೇರಿದರೆ ಕಣ್ಣಿಗೆ ಕ ಕಾಣುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಅದಕ್ಕೇ ಗೂಗಲ್‌ಗೂ ಅದು ಸಿಗುವುದಿಲ್ಲ.

ಗಿಟ್‌ಹಬ್‌ನಲ್ಲಿ "ಆಸ್ಕಿ2ಯೂನಿಕೋಡ್" ಅಂತ ಕನ್ನಡಕ್ಕೇ ಬರೆದ ಓಪನ್ ಸೋರ್ಸ್ ಟೂಲ್ ಇದೆ. ಆಸ್ಕಿಯನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿಗೆ, ಬದಲಾಯಿಸುತ್ತದೆ. ಬರಹ ತಂತ್ರಾಂಶದಲ್ಲೂ ಕನ್ವರ್ಟರ್ ಇದೆ. ಎರಡರಲ್ಲೂ ಒಂದೇ ಪುಟ ಹಾಕಿ, ಪಕ್ಕಪಕ್ಕ ಇಟ್ಟು ಓದಿ. ಮುಖ್ಯವಾಗಿ ಅರ್ಕಾವೊತ್ತು ನೋಡಿ. ಆಸ್ಕಿಯಲ್ಲಿ "ಧರ್ಮ" ಅನ್ನುವುದು ಧ, ಮ, ಆಮೇಲೆ ಅರ್ಕಾವೊತ್ತು ಅನ್ನುವ ಕ್ರಮದಲ್ಲಿ ಇರುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಕನ್ವರ್ಟರ್ ಅದನ್ನು ಎತ್ತಿ ಮ ಮುಂಚೆ ಇಡಬೇಕು. ಗುಣಿತ, ಒತ್ತು ಎರಡೂ ಸೇರಿದ "ಮೂರ್ತಿ", "ವರ್ಷಕ್ಕೊಮ್ಮೆ" ಇಂಥ ಪದಗಳಲ್ಲಿ ಎಡವಟ್ಟು ಜಾಸ್ತಿ.

ಇನ್ನೊಂದು ಮಾತು. ಪೇಜ್‌ಮೇಕರ್‌ನಿಂದ ಪಠ್ಯ ತೆಗೆಯುವಾಗ ಬರೀ ಟೆಕ್ಸ್ಟ್ ಫೈಲ್ ಮಾಡಬೇಡಿ. ಆರ್‌ಟಿಎಫ್ ಮಾಡಿ, ಆಮೇಲೆ ವರ್ಡ್‌ಗೆ ತನ್ನಿ. ಯಾಕೆಂದರೆ ಬರಹದ ಮಧ್ಯೆ ಇಂಗ್ಲಿಷ್ ಪದ ಇರುತ್ತದೆ ಅಲ್ವಾ, ಬರೀ ಟೆಕ್ಸ್ಟ್ ಆದರೆ ಯಾವುದು ಇಂಗ್ಲಿಷ್, ಯಾವುದು ನುಡಿ ಅಂತ ಕನ್ವರ್ಟರ್‌ಗೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಪದವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ವರ್ಡ್ ಫೈಲಿನಲ್ಲಿ ಪ್ರತಿ ತುಂಡಿನ ಜೊತೆ ಫಾಂಟ್ ಹೆಸರು ಉಳಿದಿರುತ್ತದೆ.

---

ಬೆಳ್ಳಿಚುಕ್ಕಿ

ಅಚ್ಚುಮೊಳೆ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪೈಥಾನ್‌ನಲ್ಲಿ "ಪೈಥಾನ್-ಡಾಕ್ಸ್" ಅನ್ನುವ, ವರ್ಡ್‌ನ ಡಾಕ್ಸ್ ಫೈಲ್ ಓದುವ ಲೈಬ್ರರಿ ಇದೆ. ಫೈಲ್ ತೆರೆದು, ಪ್ರತಿ ಪ್ಯಾರಾದ ಒಂದೊಂದು ರನ್ (ಒಂದೇ ಫಾಂಟ್, ಶೈಲಿ ಇರುವ ತುಂಡು) ತೆಗೆದುಕೊಂಡು, ಫಾಂಟ್ ಹೆಸರು "ನುಡಿ" ಎಂದು ಶುರುವಾದರೆ ಮಾತ್ರ ಪರಿವರ್ತನೆಗೆ ಕಳಿಸಿ. ಉಳಿದದ್ದನ್ನು ಮುಟ್ಟಬೇಡಿ. ನಲವತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಒಂದು ಎಚ್ಚರಿಕೆ: ಕೆಲವು ಸಲ ಒಂದೇ ಪದ ಎರಡು ರನ್‌ಗಳಲ್ಲಿ ಹರಿದಿರುತ್ತದೆ. ಒಂದೇ ಫಾಂಟ್ ಇರುವ ಅಕ್ಕಪಕ್ಕದ ರನ್‌ಗಳನ್ನು ಮೊದಲು ಸೇರಿಸಿಕೊಳ್ಳಿ. ಇಲ್ಲದಿದ್ದರೆ ಅರ್ಕಾವೊತ್ತು ಒಂದು ಕಡೆ, ಅದರ ಅಕ್ಷರ ಇನ್ನೊಂದು ಕಡೆ ಉಳಿಯುತ್ತದೆ.

ಫೈಲೇ ಸಿಗದ ಸಂಚಿಕೆಗಳಿದ್ದರೆ ಸ್ಕ್ಯಾನ್ ಮಾಡಿ ಟೆಸೆರಾಕ್ಟ್ ಹಾಕಿ. ಅದರಲ್ಲಿ ಚಿತ್ರದಿಂದ ಅಕ್ಷರ ಓದುವ ಕನ್ನಡದ ಓಸಿಆರ್ ಇದೆ, ಉಚಿತ. ತಿದ್ದುವ ಕೆಲಸ ಮಾತ್ರ ತಪ್ಪಿದ್ದಲ್ಲ.

---

ಸಂಪಿಗೆಮರ

ನಾನು ಡಿಸೈನರ್. ಫಾಂಟ್ ಬಗ್ಗೆ ಬರೆಯುತ್ತೇನೆ.

ಗೂಗಲ್ ಫಾಂಟ್ಸ್‌ಗೆ ಹೋಗಿ ಭಾಷೆ ಕನ್ನಡ ಅಂತ ಆರಿಸಿಕೊಳ್ಳಿ. ಉದ್ದ ಬರಹಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ ನನಗೆ ಇಷ್ಟ. ಟೀರೋದಲ್ಲಿ ಇಟಾಲಿಕ್ ಕೂಡ ಇದೆ, ಕನ್ನಡದಲ್ಲಿ ಅದು ಅಪರೂಪ. ಮೆನು, ಬಟನ್, ಪಟ್ಟಿಗಳಿಗೆ ಅನೇಕ್ ಕನ್ನಡ ಬಳಸಿ. ಅದು ವೇರಿಯಬಲ್ ಫಾಂಟ್. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬದಲಾಯಿಸಬಹುದು. ನಮ್ಮ ಪದಗಳು ಉದ್ದ ಅಲ್ವಾ, ಫೋನಿನ ಚಿಕ್ಕ ಬಟನ್‌ನಲ್ಲಿ "ಚಂದಾದಾರರಾಗಿ" ಅಂತ ಬರೆಯಬೇಕಾದಾಗ ಅಗಲ ಕಡಿಮೆ ಮಾಡುವ ಈ ಅನುಕೂಲ ಕೈ ಹಿಡಿಯುತ್ತದೆ. ಶೀರ್ಷಿಕೆಗೆ ಬಾಲೂ ತಮ್ಮ 2 ಚೆನ್ನ. ಮಕ್ಕಳ ಪುಟಕ್ಕಂತೂ ಹೇಳಿ ಮಾಡಿಸಿದ ಹಾಗಿದೆ.

ಹುಬ್ಬಳ್ಳಿ ಅನ್ನುವ ಫಾಂಟ್ ನೋಡಲು ಚಂದ, ಆದರೆ ಒಂದೇ ದಪ್ಪ. ಅದಕ್ಕೆ ಬೋಲ್ಡ್ ಕೊಟ್ಟರೆ ಬ್ರೌಸರ್ ತಾನೇ ಅಕ್ಷರಕ್ಕೆ ಮಸಿ ಬಳಿದು ದಪ್ಪ ಮಾಡುತ್ತದೆ, ಒತ್ತಕ್ಷರದ ಒಳಗಿನ ಸಂದಿ ಮುಚ್ಚಿಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ನನ್ ಎಂದು ಬರೆದರೆ ಈ ನಕಲಿ ಬೋಲ್ಡ್ ನಿಲ್ಲುತ್ತದೆ.

ಹಳೆ ಫೋಟೋಶಾಪ್ ಬಳಸುವವರಿಗೆ: ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್. ಇದನ್ನು ಮಾಡದೆ ಯೂನಿಕೋಡ್ ಕನ್ನಡ ಹಾಕಿ, ಒತ್ತಕ್ಷರ ಒಡೆಯಿತು ಅಂತ ಮತ್ತೆ ಆಸ್ಕಿಗೆ ಹೋದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಬೇಜಾರಾಗುತ್ತದೆ. ಒಂದೇ ಒಂದು ಸೆಟ್ಟಿಂಗ್‌ನ ಮಾತು ಅದು. ಉಚಿತದ್ದೇ ಬೇಕಿದ್ದರೆ ಇಂಕ್‌ಸ್ಕೇಪ್, ಪೆನ್‌ಪಾಟ್ ನೋಡಿ. ಪೆನ್‌ಪಾಟ್ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ.

---

ತುಂಗಾತೀರ

ಸಂಪಿಗೆಮರ ಅವರೇ, ತುಂಬಾ ಉಪಕಾರವಾಯಿತು. ಒಂದು ಪುಟ ಮಾಡಿ ನೋಡಿದೆ. ಶೀರ್ಷಿಕೆಯಲ್ಲಿ "ಸ್ವಾತಂತ್ರ್ಯ" ಅಂತ ಇದೆ. ಅದರ ಕೆಳಗಿನ ಯ ಒತ್ತು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತಿದೆ. ಫಾಂಟ್ ತಪ್ಪಾ?

---

ಸಂಪಿಗೆಮರ

ಫಾಂಟ್ ಸರಿ ಇದೆ. ಟೆಂಪ್ಲೇಟ್ ನೋಡಿ, ಲೈನ್-ಹೈಟ್ (ಸಾಲಿನ ಎತ್ತರ) ಬಹುಶಃ 1.2 ಇದೆ, ಜೊತೆಗೆ ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮದು ಹಾಗಲ್ಲ, ತ ಕೆಳಗೆ ರ, ಅದರ ಜೊತೆ ಯ ಎಲ್ಲಾ ಇಳಿಯುತ್ತದೆ. ಬರಹಕ್ಕೆ 1.7, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆ ಬೇಡ. ಬಟನ್‌ಗಳಿಗೆ ಇಷ್ಟೇ ಎತ್ತರ ಅಂತ ಕೊಡಬೇಡಿ, ಪ್ಯಾಡಿಂಗ್ ಕೊಟ್ಟು ಬಿಡಿ.

ನಾನು ಯಾವ ಪುಟ ಮಾಡಿದರೂ ಮೊದಲು ಈ ಪದಗಳನ್ನು ಹಾಕಿ ನೋಡುತ್ತೇನೆ: ಸ್ವಾತಂತ್ರ್ಯ, ರಾಷ್ಟ್ರೀಯ, ಕೈಂಕರ್ಯ, ಜ್ಞಾನಪೀಠ, ಲಕ್ಷ್ಮೀ, ಸಾಫ್ಟ್‌ವೇರ್, ರ‍್ಯಾಂಕ್. ಇವಿಷ್ಟು ಸರಿ ಬಂದರೆ ಉಳಿದದ್ದು ಬರುತ್ತದೆ. ಲ್ಯಾಟಿನ್ನಿನ "ಲೋರೆಮ್ ಇಪ್ಸಮ್" ಅನ್ನುವ ಜಾಗ ತುಂಬುವ ಪಠ್ಯ ಹಾಕಿ ಡಿಸೈನ್ ಒಪ್ಪಿಸಿಕೊಂಡರೆ ಆಮೇಲೆ ಎಲ್ಲಾ ಮತ್ತೆ ಅಳೆಯಬೇಕಾಗುತ್ತದೆ.

---

ಕಡಲಹಕ್ಕಿ

ಆ ಪಟ್ಟಿಯ ಕೊನೆಯ ಎರಡು ಪದಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ಅಲ್ಲೇ ನಾನು ಎರಡು ದಿನ ಕಳೆದಿದ್ದೇನೆ.

ಫಾಂಟ್ ಫೈಲ್ ಚಿಕ್ಕದು ಮಾಡಲು ಫಾಂಟ್‌ಟೂಲ್ಸ್ ಅನ್ನುವ ಪೈಥಾನ್ ಪ್ಯಾಕೇಜ್ ಬಳಸುತ್ತೇವೆ. ಅದರೊಳಗೆ ಪೈ-ಎಫ್‌ಟಿ-ಸಬ್‌ಸೆಟ್ ಅನ್ನುವ ಕಮಾಂಡ್ ಇದೆ. ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ವಾಫ್2 (ವೆಬ್ ಫಾಂಟ್) ಫೈಲ್ ಮಾಡಿಕೊಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ ಹದಿನಾರರ (ಹೆಕ್ಸ್) ಲೆಕ್ಕದಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಒಟ್ಟು 128 ಮನೆ. ನಾನೂ ಅಷ್ಟನ್ನೇ ಕೊಟ್ಟೆ. ಪುಟ ಚೆನ್ನಾಗೇ ಬಂತು. ಆದರೆ "ಸಾಫ್ಟ್‌ವೇರ್" ಇದ್ದ ಕಡೆ ಹಲಂತದ ಹತ್ತಿರ ಅಕ್ಷರ ಬೇರೆ ಫಾಂಟಿಗೆ ಜಿಗಿದ ಹಾಗೆ ಕಾಣುತ್ತಿತ್ತು.

ಕಾರಣ ಇಷ್ಟೇ. ಕನ್ನಡ ಬರೆಯಲು ಕಣ್ಣಿಗೆ ಕಾಣದ ಎರಡು ಸಂಕೇತ ಬೇಕು, 200ಸಿ ಮತ್ತು 200ಡಿ. ಇವು ಕನ್ನಡದ 128 ಮನೆಗಳ ಹೊರಗೆ ಇವೆ. ಮೊದಲನೆಯದು ಅಕ್ಷರಗಳನ್ನು ಬೇರೆ ಇಡುತ್ತದೆ. ಅದಿಲ್ಲದಿದ್ದರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗುತ್ತದೆ, ವ ಹೋಗಿ ಟ ಕೆಳಗೆ ಕೂರುತ್ತದೆ. ಎರಡನೆಯದು "ರ‍್ಯಾಂಕ್" ಬರೆಯಲು ಬೇಕು. ಅದಿಲ್ಲದಿದ್ದರೆ ರ ಮೇಲೆ ಉಳಿಯುವುದಿಲ್ಲ, ಅರ್ಕಾವೊತ್ತಾಗಿ "ರ್ಯಾಂಕ್" ಆಗುತ್ತದೆ.

ಹಾಗಾಗಿ ಸಬ್‌ಸೆಟ್ ಮಾಡುವಾಗ ಈ ಎರಡನ್ನೂ, ಜೊತೆಗೆ ರೂಪಾಯಿ ಚಿಹ್ನೆಯ 20ಬಿ9, ದಂಡಗಳ 0964, 0965 ಇವನ್ನೂ ಸೇರಿಸಿ. ಸಿಎಸ್‌ಎಸ್‌ನ ಯೂನಿಕೋಡ್-ರೇಂಜ್ ಸಾಲಿನಲ್ಲೂ ಅಷ್ಟನ್ನೂ ಬರೆಯಿರಿ. ಲೇಔಟ್ ಫೀಚರ್‌ಗಳನ್ನು ಒಂದನ್ನೂ ಬಿಡದೆ ಉಳಿಸಿ. ಒತ್ತಕ್ಷರ ಮೂಡುವುದೇ ಅವುಗಳಿಂದ. ಕೊನೆಗೆ ವಾಕಮೈಫಾಂಡು ಅನ್ನುವ ಸೈಟಿಗೆ ಹೊಸ ಫೈಲನ್ನು ಎಳೆದು ಹಾಕಿ. ಫಾಂಟಿನೊಳಗೆ ಏನೇನು ಇದೆ ಅಂತ ಬಿಡಿಸಿ ತೋರಿಸುತ್ತದೆ.

ಎಡಿಟರ್ ವಿಷಯಕ್ಕೆ ಬಂದರೆ, ವಿಎಸ್ ಕೋಡ್ ಈ ಕಾಣದ ಸಂಕೇತಗಳ ಸುತ್ತ ಚೌಕ ಹಾಕಿ ಎಚ್ಚರಿಸುತ್ತದೆ. ಅದನ್ನು ದೋಷ ಅಂದುಕೊಂಡು ಅಳಿಸಬೇಡಿ. ನಮ್ಮ ತಂಡದಲ್ಲಿ ಒಬ್ಬರು ಒಂದೇ ಏಟಿಗೆ ಎಲ್ಲವನ್ನೂ ಅಳಿಸಿ ಸೇವ್ ಮಾಡಿದ್ದರು. ಸೆಟ್ಟಿಂಗ್ಸ್‌ನಲ್ಲಿ ಯೂನಿಕೋಡ್ ಹೈಲೈಟ್ ಅಂತ ಹುಡುಕಿ, ಈ ಎರಡಕ್ಕೆ ವಿನಾಯಿತಿ ಕೊಡಿ.

---

ದನಿಯೋದುಗ

ನಾನು ಕಣ್ಣು ಕಾಣದವನು, ಎನ್‌ವಿಡಿಎ ಬಳಸಿ ವೆಬ್ ಓದುತ್ತೇನೆ. ಅದು ಪರದೆಯ ಪಠ್ಯವನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್. ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿ ಕನ್ನಡ ಓದುತ್ತದೆ.

ಪುಟವನ್ನು ಚಿತ್ರ ಮಾಡಿ ಹಾಕಿದ ಸೈಟಿಗೆ ಹೋದರೆ ನನಗೆ ಕೇಳುವುದು "ಗ್ರಾಫಿಕ್", "ಗ್ರಾಫಿಕ್" ಅಂತ ಅಷ್ಟೇ. ಒಂದು ಇಡೀ ಪತ್ರಿಕೆ ಅದರೊಳಗೆ ಇದೆ ಅಂತ ಗೊತ್ತಿದ್ದೂ ಒಂದು ಸಾಲು ಸಿಗುವುದಿಲ್ಲ. ನೀವು ಪಠ್ಯವನ್ನೇ ಹಾಕುತ್ತಿದ್ದೀರಿ ಅಂತ ಓದಿ ನಿಜಕ್ಕೂ ಖುಷಿಯಾಯಿತು.

ಎರಡು ಬೇಡಿಕೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ "ಕೆಎನ್" ಎಂದು ಕೊಡಿ. ಎಷ್ಟೋ ಕನ್ನಡ ಸೈಟುಗಳಲ್ಲಿ ಟೆಂಪ್ಲೇಟಿನ "ಇಎನ್" ಹಾಗೇ ಉಳಿದಿರುತ್ತದೆ. ಆಗ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಡುತ್ತದೆ. ಮಧ್ಯದಲ್ಲಿ ಇಂಗ್ಲಿಷ್ ಪ್ಯಾರಾ ಬಂದರೆ ಅದಕ್ಕೆ ಮಾತ್ರ "ಇಎನ್" ಕೊಡಿ. ಎರಡನೆಯದು, ಅನುಸ್ವಾರದ ಜಾಗದಲ್ಲಿ ಸೊನ್ನೆ ಇದೆಯಾ ನೋಡಿ. "ಬೆಂಗಳೂರು" ಮತ್ತು "ಬೆ೦ಗಳೂರು" ನಿಮ್ಮ ಕಣ್ಣಿಗೆ ಒಂದೇ ಥರ ಕಾಣಬಹುದು. ನನಗೆ ಎರಡನೆಯದು ಪದದ ಮಧ್ಯೆ ಅಂಕಿ ನುಗ್ಗಿದ ಹಾಗೆ ಕೇಳುತ್ತದೆ.

---

ತುಂಗಾತೀರ

ಈಗಲೇ ಹುಡುಕಿದೆ. ಮೊದಲ ಸಂಚಿಕೆ ಒಂದರಲ್ಲೇ 31 ಕಡೆ ಸೊನ್ನೆ ಸಿಕ್ಕಿತು. ಎಲ್ಲಾ ಆಮೇಲೆ ಕೈಯಲ್ಲಿ ಟೈಪ್ ಮಾಡಿ ಸೇರಿಸಿದ ಭಾಗಗಳು. ಎಲ್ಲವನ್ನೂ ತಿದ್ದಿದೆ. ನೀವು ಹೇಳದಿದ್ದರೆ ನಮಗ್ಯಾರಿಗೂ ಕಾಣುತ್ತಲೇ ಇರಲಿಲ್ಲ. ಭಾಷೆಯನ್ನೂ "ಕೆಎನ್" ಮಾಡಿದೆ.

---

ಬೆಳ್ಳಿಚುಕ್ಕಿ

ಒಂದೇ ಥರ ಕಂಡು ಒಳಗೆ ಬೇರೆ ಇರುವುದು ಇನ್ನೂ ಇದೆ. "ಕೊ" ಬರೆಯಲು ಒಂದೇ ಸ್ವರಚಿಹ್ನೆ ಹಾಕಬಹುದು, ಅಥವಾ ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡಾಗಿ ಹಾಕಬಹುದು. ಹಳೆ ಕನ್ವರ್ಟರ್‌ಗಳು ಒಮ್ಮೊಮ್ಮೆ ಎರಡಾಗಿ ಕೊಡುತ್ತವೆ. ಓದುಗರು ಒಂದು ರೀತಿ ಟೈಪ್ ಮಾಡಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಅನ್ನು ಎನ್‌ಎಫ್‌ಸಿ ಕೊಟ್ಟು ಕರೆಯಿರಿ, ಎರಡೂ ಒಂದೇ ರೂಪಕ್ಕೆ ಬರುತ್ತವೆ. ಸೇವ್ ಮಾಡುವಾಗಲೂ ಕರೆಯಿರಿ, ಹುಡುಕುವಾಗಲೂ ಕರೆಯಿರಿ.

ಇನ್ನು ರೆಜೆಕ್ಸ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಪದದ ಅಕ್ಷರಕ್ಕಿರುವ ಬ್ಯಾಕ್‌ಸ್ಲಾಶ್ ಡಬ್ಲ್ಯೂ ಕನ್ನಡವನ್ನು ಹಿಡಿಯುವುದೇ ಇಲ್ಲ. ಪೈಥಾನ್‌ನಲ್ಲಿ ಹಿಡಿಯುತ್ತದೆ, ಆದರೆ ಗುಣಿತ ಚಿಹ್ನೆ ಬಂದಲ್ಲಿ ಪದ ತುಂಡಾಗುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಗುಣಿತ, ಹಲಂತ ಇವು ಅಕ್ಷರ ಅಲ್ಲ, "ಮಾರ್ಕ್". ಯೂಆರ್‌ಎಲ್ (ಪುಟದ ವಿಳಾಸ) ಮಾಡಿಕೊಡುವ ಒಂದು ಪ್ಲಗಿನ್ ಅಕ್ಷರ ಮಾತ್ರ ಉಳಿಸಿ ಬಾಕಿ ತೆಗೆಯುತ್ತಿತ್ತು. "ಶಿವಮೊಗ್ಗ" ಹೋಗಿ "ಶವಮಗಗ" ಆಗಿತ್ತು. ನಮ್ಮೂರ ಹೆಸರನ್ನು ಹಾಗೆ ನೋಡಿ ಹೊಟ್ಟೆ ಉರಿಯಿತು. ನೀವೇ ಬರೆಯುವುದಾದರೆ ಯೂ ಫ್ಲ್ಯಾಗ್ ಹಾಕಿ, ಎಲ್ (ಅಕ್ಷರ) ಮತ್ತು ಎಂ (ಮಾರ್ಕ್) ಎರಡೂ ಗುಂಪನ್ನು ಸೇರಿಸಿ.

ಎಸ್‌ಕ್ಯೂಲೈಟ್ ಡೇಟಾಬೇಸಿನ ಹುಡುಕುವ ಭಾಗ ಎಫ್‌ಟಿಎಸ್5 ಬಳಸಿ ಹುಡುಕಾಟ ಮಾಡಿದರೂ ಇದೇ ತೊಂದರೆ. ಪಠ್ಯವನ್ನು ಪದಗಳಾಗಿ ಕತ್ತರಿಸುವ ಟೋಕನೈಸರ್‌ಗೆ ಮಾರ್ಕ್‌ಗಳನ್ನೂ ಪದದ ಭಾಗ ಎಂದು ಹೇಳಬೇಕು, ಇಲ್ಲವೇ ಮೂರು ಮೂರು ಸಂಕೇತಗಳಾಗಿ ಕತ್ತರಿಸುವ ಟ್ರೈಗ್ರಾಮ್ ಟೋಕನೈಸರ್ ಆರಿಸಿ. ನನಗೆ ಎರಡನೆಯದೇ ಒಗ್ಗಿದೆ. "ತೋಟ" ಅಂತ ಹುಡುಕಿದರೆ "ತೋಟದಲ್ಲಿ", "ತೋಟಕ್ಕೆ" ಎಲ್ಲಾ ಸಿಗಬೇಕಲ್ಲ. ಆದರೆ ಮೂರು ಸಂಕೇತಕ್ಕಿಂತ ಚಿಕ್ಕ ಪದ ಅದರಲ್ಲಿ ಸಿಗುವುದಿಲ್ಲ. ತ, ಓತ್ವ, ಟ ಸೇರಿ ತೋಟಕ್ಕೆ ಸರಿಯಾಗಿ ಮೂರು. "ಮಳೆ" ಕೂಡ ಮೂರು. "ಮನ" ಎರಡೇ.

---

ಅಚ್ಚುಮೊಳೆ

ಯೂಆರ್‌ಎಲ್ ಕನ್ನಡದಲ್ಲೇ ಇರಲಿ ಅಂತ ನನ್ನ ಆಸೆ. ಏನಂತೀರಿ?

---

ಕಡಲಹಕ್ಕಿ

ಆಸೆ ನನಗೂ ಇದೆ, ಆದರೆ ಬೇಡ ಅನ್ನುತ್ತೇನೆ. ಕನ್ನಡದ ಪ್ರತಿ ಸಂಕೇತ ಯೂಟಿಎಫ್-8ರಲ್ಲಿ (ಯೂನಿಕೋಡ್ ಉಳಿಸುವ ರೀತಿ) 3 ಬೈಟ್. ಯೂಆರ್‌ಎಲ್ ನಕಲು ಮಾಡಿದಾಗ ಒಂದು ಬೈಟ್ 3 ಅಕ್ಷರವಾಗಿ ಹಿಗ್ಗುತ್ತದೆ. "ಕನ್ನಡ" ಅನ್ನುವುದು 5 ಸಂಕೇತ, 15 ಬೈಟ್, ಕೊನೆಗೆ 45 ಅಕ್ಷರ. ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಸರಮಾಲೆ. ಪತ್ರಿಕೆಗೆ ವರ್ಷ, ತಿಂಗಳು, ಲೇಖನದ ಸಂಖ್ಯೆ ಇಟ್ಟುಬಿಡಿ. ಚಿಕ್ಕದು, ಫೋನಿನಲ್ಲಿ ಬಾಯಲ್ಲೂ ಹೇಳಬಹುದು.

---

ಅಚ್ಚುಮೊಳೆ

ನಾನು ಪೂರ್ತಿ ಒಪ್ಪುವುದಿಲ್ಲ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ನಮ್ಮ ಅಕ್ಷರ ಕಂಡರೆ ಓದುಗರಿಗೆ ಅದು ತಮ್ಮದು ಅನಿಸುತ್ತದೆ. ಆದರೆ ಈ ಪತ್ರಿಕೆಗೆ ವರ್ಷ, ತಿಂಗಳು ಸರಿ ಹೋಗುತ್ತದೆ, ಅದನ್ನು ಒಪ್ಪುತ್ತೇನೆ.

---

ಡಬ್ಲಿನ್‌ಕನ್ನಡಿಗ

ಇನ್ನು ಕೆಲವು ಟೂಲ್‌ಗಳು, ಮೇಲೆ ಬಾರದೇ ಇರುವುದು ಮಾತ್ರ.

ವಿವರಕ್ಕೆ ಎಂಡಿಎನ್ (ಮೊಜಿಲ್ಲಾದ ವೆಬ್ ಕೈಪಿಡಿ) ಓದಿ. ಕನ್ನಡ ಲಿಪಿಯ ಬಗ್ಗೆಯೇ ಬೇಕಾದರೆ ರಿಚರ್ಡ್ ಇಶಿಡಾ ಅವರ ಟಿಪ್ಪಣಿಗಳನ್ನು ನೋಡಿ. ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿಯಲ್ಲಿ ಭಾಷೆಗಳ ಕೆಲಸ ಮಾಡಿದವರು. ಅವರ ಯೂನಿವ್ಯೂ ಪುಟಕ್ಕೆ ಯಾವುದೇ ಕನ್ನಡ ಪದ ಅಂಟಿಸಿದರೆ ಒಳಗಿನ ಒಂದೊಂದು ಸಂಕೇತವನ್ನೂ ಹೆಸರು ಸಮೇತ ಬಿಡಿಸಿಡುತ್ತದೆ. ಸೊನ್ನೆಯೋ ಅನುಸ್ವಾರವೋ ಅನ್ನುವ ಅನುಮಾನಕ್ಕೆ ಅಲ್ಲೇ ಉತ್ತರ.

ಓದುಗರು ಪ್ರತಿಕ್ರಿಯೆ ಬರೆಯುವ ಜಾಗ ಇದ್ದರೆ ಜೆಕ್ವೆರಿ ಐಎಂಇ ಹಾಕಿ. ವಿಕಿಪೀಡಿಯಾದಲ್ಲಿ ಬಳಸುವುದು ಅದೇ. ನುಡಿ ವಿನ್ಯಾಸ, ಇನ್‌ಸ್ಕ್ರಿಪ್ಟ್, ಲಿಪ್ಯಂತರ ಮೂರೂ ಇವೆ. ಕನ್ನಡ ಕೀಬೋರ್ಡ್ ಇಲ್ಲದ ಕಂಪ್ಯೂಟರ್‌ನಲ್ಲೂ ಬರೆಯಬಹುದು. ನಾನು ಆಫೀಸಿನ ಕಂಪ್ಯೂಟರ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ, ನನ್ನಂಥವರಿಗೆ ಅದು ದೊಡ್ಡ ಅನುಕೂಲ.

ಪಟ್ಟಿಗೆ ೧, ೨, ೩ ಬೇಕಾದರೆ ಸಿಎಸ್‌ಎಸ್‌ನ ಲಿಸ್ಟ್-ಸ್ಟೈಲ್-ಟೈಪ್‌ಗೆ "ಕನ್ನಡ" ಅನ್ನುವ ಬೆಲೆ ಮೊದಲಿಂದಲೇ ಇದೆ. ಲೇಖಕರ ಹೆಸರಿನ ಪಟ್ಟಿ ಜೋಡಿಸುವಾಗ ಸುಮ್ನೆ ಸಾರ್ಟ್ ಕರೆಯಬೇಡಿ. ಅದು ಸಂಕೇತದ ಸಂಖ್ಯೆ ನೋಡಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳ ಬಂದಿರುವುದು ಲ ಆದ ಕೂಡಲೇ, ವ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ. ಜಾವಾಸ್ಕ್ರಿಪ್ಟ್‌ನಲ್ಲಿ ಭಾಷೆಯ ಕ್ರಮ ಬಲ್ಲ ಇಂಟ್ಲ್ ಕೊಲೇಟರ್‌ಗೆ "ಕೆಎನ್" ಕೊಟ್ಟು ಜೋಡಿಸಿ, ಆಮೇಲೆ ಕಣ್ಣಲ್ಲೊಮ್ಮೆ ನೋಡಿ.

ಲೇಖನದ ಮೊದಲ ಅಕ್ಷರ ದೊಡ್ಡದು ಮಾಡುವ ಆಸೆ ಇದ್ದರೆ ಸಿಎಸ್‌ಎಸ್‌ನ ಫಸ್ಟ್-ಲೆಟರ್ ನಂಬಬೇಡಿ. "ಸ್ತ್ರೀ" ನಮಗೆ ಒಂದು ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 6. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್‌ಗೆ ಕೊಟ್ಟರೆ ನನ್ನ ಬ್ರೌಸರಿನಲ್ಲಿ ಸ್, ತ್, ರೀ ಅಂತ 3 ತುಂಡು ಬಂತು. ಮೊದಲ ಅಕ್ಷರವನ್ನು ನೀವೇ ಒಂದು ಸ್ಪ್ಯಾನ್‌ನಲ್ಲಿ ಸುತ್ತಿ.

---

ಸಂಪಿಗೆಮರ

ಲೈಟ್‌ಹೌಸ್ ಬಿಟ್ಟುಹೋಯಿತು. ಕ್ರೋಮ್‌ನಲ್ಲೇ ಇದೆ. ಪುಟ ಎಷ್ಟು ಬೇಗ ತೆರೆಯುತ್ತದೆ, ಬಣ್ಣಗಳ ನಡುವೆ ಸಾಕಷ್ಟು ಅಂತರ ಇದೆಯಾ, ಎಲ್ಲಾ ಹೇಳುತ್ತದೆ. ಆದರೆ ಒತ್ತಕ್ಷರ ಕತ್ತರಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಊರಲ್ಲಿ ಯಾರ ಹತ್ತಿರವಾದರೂ ಹಳೆ ಆಂಡ್ರಾಯ್ಡ್ ಫೋನ್ ಇದ್ದರೆ ಇಸಿದುಕೊಂಡು ಅದರಲ್ಲಿ ಒಮ್ಮೆ ಓದಿ.

---

ತುಂಗಾತೀರ

ಹತ್ತು ದಿನ ಆಯಿತು, ಸುದ್ದಿ ಹೇಳಲು ಬಂದೆ.

2001ರ ಮೊದಲ ಮೂರು ಸಂಚಿಕೆ ತಯಾರಾಗಿವೆ. ಬರಹಕ್ಕೆ ನೋಟೋ ಸೆರಿಫ್, ಮೆನುಗೆ ಅನೇಕ್. ಒಂದು ಪುಟದಲ್ಲಿ ಸುಮಾರು 2,000 ಸಂಕೇತ ಇವೆ, ಅಂದರೆ 6,000 ಬೈಟ್. ಅದೇ ಪುಟದ ಹಳೆ ಚಿತ್ರದ ಪಕ್ಕ ಇದು ಏನೇನೂ ಅಲ್ಲ. ಸಂಘದ ಹಿರಿಯ ಸಂಪಾದಕರಿಗೆ ಅವರ ಫೋನಿನಲ್ಲೇ ತೆರೆದು ತೋರಿಸಿದೆ. ಅವರಿಗೆ ಈಗ ಎಂಬತ್ತೆರಡು. ಹುಡುಕುವ ಜಾಗದಲ್ಲಿ ತಮ್ಮ ತೀರಿಹೋದ ಗೆಳೆಯರ ಹೆಸರು ಬರೆಯಲು ಹೇಳಿದರು. ಅಡಿಕೆ ಕೊಳೆರೋಗದ ಮೇಲೆ ಆ ಗೆಳೆಯರು ಬರೆದ ಲೇಖನ ಬಂತು. ಸಂಪಾದಕರು ಅಕ್ಷರ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದರು. ಆಮೇಲೆ ಮೂರನೇ ಪ್ಯಾರಾದಲ್ಲಿ ಒಂದು ತಪ್ಪು ತೋರಿಸಿದರು. "ಬೋರ್ಡೋ" (ಕೊಳೆರೋಗಕ್ಕೆ ಸಿಂಪಡಿಸುವ ದ್ರಾವಣ) ಇರಬೇಕಾದಲ್ಲಿ "ಬೋಡೋ" ಇತ್ತು. ಅದೇ ಅರ್ಕಾವೊತ್ತು! ಸ್ಕ್ರಿಪ್ಟಿನಲ್ಲಿ ರನ್ ಸೇರಿಸುವ ಭಾಗ ಸರಿ ಮಾಡಿದೆ, ಈಗ ಬರುತ್ತಿದೆ.

ದನಿಯೋದುಗ ಅವರೇ, ಲಿಂಕ್ ಖಾಸಗಿಯಾಗಿ ಕಳಿಸಿದ್ದೇನೆ. ದಯವಿಟ್ಟು ಒಮ್ಮೆ ಓದಿ ಹೇಳಿ.

ಒಂದು ತೊಡಕು ಉಳಿದಿದೆ. 2006ರ ನಾಲ್ಕು ಸಂಚಿಕೆಗಳ ಫೈಲು ಕನ್ವರ್ಟರ್‌ಗೆ ಹಾಕಿದರೆ ಬರೀ ಕಸ ಬರುತ್ತಿದೆ. ಫಾಂಟ್ ಹೆಸರು ನೋಡಿದರೆ ಶ್ರೀಲಿಪಿ.

---

ದನಿಯೋದುಗ

ಮೊದಲ ಸಂಚಿಕೆ ಪೂರ್ತಿ ಕೇಳಿದೆ. ಶೀರ್ಷಿಕೆಯಿಂದ ಶೀರ್ಷಿಕೆಗೆ ಒಂದೇ ಕೀಲಿ ಒತ್ತಿ ಹೋಗಲು ಬರುತ್ತಿದೆ, ಚೆನ್ನಾಗಿದೆ. ಹದಿನೇಳನೇ ಪುಟದ ಕವನದಲ್ಲಿ ಮಾತ್ರ ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಕೇಳುತ್ತಿವೆ. ಸಾಲಿನ ಕೊನೆಗೆ ಬ್ರೇಕ್ ಇದೆಯಾ ನೋಡಿ.

---

ಅಚ್ಚುಮೊಳೆ

ಶ್ರೀಲಿಪಿಯ ಸಂಕೇತಗಳ ಜೋಡಣೆಯೇ ಬೇರೆ, ನುಡಿ ಕನ್ವರ್ಟರ್‌ಗೆ ಅದು ಅರ್ಥವಾಗುವುದಿಲ್ಲ. ನಾನು ಡಿಟಿಪಿ ಮಾಡುವಾಗ ಒಂದು ಹೊಂದಿಕೆ ಪಟ್ಟಿ ಕೈಯಲ್ಲೇ ಬರೆದಿಟ್ಟಿದ್ದೆ. ಒತ್ತಕ್ಷರ ಪೂರ್ತಿ ಇವೆ, ಅಂಕಿಗಳು ಬಾಕಿ. ಇವತ್ತು ರಾತ್ರಿ ಸ್ಕ್ಯಾನ್ ಮಾಡಿ ಹಾಕುತ್ತೇನೆ. ಬೆಳ್ಳಿಚುಕ್ಕಿ ಅವರೇ, ಅದನ್ನು ಸ್ಕ್ರಿಪ್ಟಿಗೆ ಸೇರಿಸಿಕೊಡುತ್ತೀರಾ?

---

ಬೆಳ್ಳಿಚುಕ್ಕಿ

ಹಾಕಿ. ಭಾನುವಾರ ಕೂರುತ್ತೇನೆ.